ನಮ್ಮ ಛಾಯಾಚಿತ್ರ ಸಂಘದ ಕಟ್ಟಳೆಗಳು

ವಯನಾಡಿನಲ್ಲಿ ನಾವು ಕೆಲವರು ಸೇರಿ ನಡೆಸುತ್ತಿರುವ ಛಾಯಾಚಿತ್ರ ಸಂಘದ ಸುದ್ದಿ ನೆಂಟರಿಂದ ನೆಂಟರಿಗೆ ಹರಡಿದ ಮೇಲೆ, "ನಿಮ್ಮ ನಿಯಮಾವಳಿಯ ಒಂದು ಪ್ರತಿ ಕಳಿಸಿಕೊಡಿ, ನಮ್ಮೂರಿನಲ್ಲೂ ಮಕ್ಕಳನ್ನು ಕೂಡಿಸಿ ಇಂಥದೊಂದು ಮಾಡುತ್ತೇವೆ" ಎನ್ನುವವರು ಹೆಚ್ಚಾಗಿದ್ದಾರೆ. ಸೊಲ್ಲಾಪುರದ ಕಡೆಯಿಂದ ಒಬ್ಬರು, ಹೊಸೂರಿನಿಂದ ಒಬ್ಬರು, ಮೂಡಬಿದಿರೆಯಿಂದ ಇಬ್ಬರು ಕೇಳಿದ್ದಾರೆ. ಕಾರ್ಯದರ್ಶಿ ಎಂಬ ಹೆಸರು ನನಗಿರುವುದರಿಂದ ಉತ್ತರ ಬರೆಯುವ ಹೊಣೆಯೂ ನನ್ನದೇ. ಆದರೆ ಬರಿಯ ನಿಯಮಾವಳಿ ಕಳಿಸಿದರೆ ಏನು ಪ್ರಯೋಜನ? ಎರಡು ಹಾಳೆಯ ಆ ಕಾಗದದಲ್ಲಿ ನಿಯಮಗಳಿವೆ, ಅವು ಯಾಕೆ ಬಂದವು ಎಂಬುದು ಇಲ್ಲ. ಆದ್ದರಿಂದ ಎಲ್ಲರಿಗೂ ಒಟ್ಟಿಗೆ ಈ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ಮೊದಲ ಕರಡನ್ನು ನಮ್ಮವರೇ ಒಬ್ಬರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಕಂಡ ಸಂಘಗಳ ಮಾದರಿಯಲ್ಲಿ ಬರೆದು ತಂದಿದ್ದರು. ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. ಭಾರತೀಯ ಛಾಯಾಚಿತ್ರ ಸಂಘಗಳ ಒಕ್ಕೂಟ 1953ರಲ್ಲಿ ಹುಟ್ಟಿದ್ದು ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಶ್ರಮದಿಂದ. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾಯಿತು. ಅಂಥ ಕಡೆ ಸ್ಪರ್ಧೆ, ಅಂಕ, ಪದವಿ, ತೀರ್ಪುಗಾರರು ಎಲ್ಲವೂ ಬೇಕು, ಅವರ ಕೆಲಸವೇ ಹಾಗೆ. ನಮ್ಮ ಇಪ್ಪತ್ತು ಮೂವತ್ತು ಮನೆಗಳ ನಡುವೆ ಕೋರಂ ಎಷ್ಟು, ಉಪಾಧ್ಯಕ್ಷರು ಎಷ್ಟು ಮಂದಿ ಎಂದು ಚರ್ಚಿಸುತ್ತ ಕೂತರೆ ಅಧ್ಯಕ್ಷರೇ ಹೆಚ್ಚಾಗಿ ಫೋಟೋ ತೆಗೆಯುವವರೇ ಇಲ್ಲವಾಗುತ್ತಾರೆ. ಕರಡಿನಲ್ಲಿದ್ದ ಇಪ್ಪತ್ತಾರು ಕಲಮುಗಳಲ್ಲಿ ಈಗ ಉಳಿದಿರುವುದು ನಾಲ್ಕು. ವರ್ಷದ ಚಂದಾ ಎಲ್ಲರಿಗೂ ಒಂದೇ, ವಿದ್ಯಾರ್ಥಿಗಳಿಗೆ ಇಲ್ಲ. ಲೆಕ್ಕವನ್ನು ವರ್ಷಕ್ಕೊಮ್ಮೆ ಓದಿ ಹೇಳಬೇಕು. ಪದಾಧಿಕಾರಿಗಳು ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಸಂಘದ ಹೆಸರಿನಲ್ಲಿ ಯಾರೂ ಹಣ ಎತ್ತಬಾರದು. ನೋಂದಣಿ ಮಾಡಿಸಬೇಕೆನ್ನುವವರಿಗೆ ಒಂದು ಮಾತು: ನಮ್ಮದು ಹಳೆಯ ಮಲಬಾರು ಪ್ರದೇಶವಾದ್ದರಿಂದ ಇಲ್ಲಿ 1860ರ ಸಂಘಗಳ ನೋಂದಣಿ ಕಾಯಿದೆಯೇ ನಡೆಯುತ್ತದೆ, ಏಳು ಜನರ ಸಹಿ ಸಾಕು. ಬೇರೆ ರಾಜ್ಯದವರು ತಮ್ಮಲ್ಲಿನ ಕಾಯಿದೆ ಯಾವುದೆಂದು ವಿಚಾರಿಸಿಕೊಳ್ಳಿ. ಬ್ಯಾಂಕಿನಲ್ಲಿ ಖಾತೆ ಬೇಕೆನ್ನುವಷ್ಟು ಹಣ ಕೂಡುವವರೆಗೆ ಅದಕ್ಕೆ ಅವಸರವಿಲ್ಲ.

ಸೇರುವವರಿಗೆ ದೊಡ್ಡ ಕ್ಯಾಮರಾ ಇರಬೇಕೆಂಬ ನಿಯಮ ನಮ್ಮಲ್ಲಿ ಇಲ್ಲ. ಮೊಬೈಲು ಸಾಕು. ನಿಜ ಹೇಳಬೇಕೆಂದರೆ ಸಂಘದ ಒಳ್ಳೆಯ ಚಿತ್ರಗಳಲ್ಲಿ ಅರ್ಧದಷ್ಟು ಮೊಬೈಲಿನಲ್ಲಿ ತೆಗೆದವು, ಅದರಲ್ಲೂ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತೆಗೆದವು. ಲೆನ್ಸಿನ ಬೆಲೆ ಹೇಳುವುದನ್ನು ಮಾತ್ರ ಸಭೆಯಲ್ಲಿ ನಿಷೇಧಿಸಿದ್ದೇವೆ. ಒಬ್ಬರು ಬೆಲೆ ಹೇಳಿದರೆ ಇನ್ನೊಬ್ಬರ ಮಗ ಮನೆಗೆ ಹೋಗಿ ಅಪ್ಪನನ್ನು ಪೀಡಿಸುತ್ತಾನೆ. ಅಪರಿಗ್ರಹದ ಪಾಠವನ್ನು ಪ್ರವಚನದಲ್ಲಿ ಕೇಳುವುದು ಸುಲಭ, ಕ್ಯಾಮರಾ ಅಂಗಡಿಯ ಮುಂದೆ ನೆನಪಿಟ್ಟುಕೊಳ್ಳುವುದು ಕಷ್ಟ.

ಹೊರಗೆ ಹೋಗುವ ದಿನದ ಕಟ್ಟಳೆ ಹೇಳಿದರೆ ಬೇರೆಯವರು ನಗುತ್ತಾರೆ. ಛಾಯಾಚಿತ್ರಕಾರರಿಗೆಲ್ಲ ಗೊತ್ತಿರುವಂತೆ ಸಂಜೆಯ ಹೊತ್ತು ಸೂರ್ಯ ಮುಳುಗುವ ಮುಂಚಿನ ಬೆಳಕು ಬಂಗಾರ. ನಮಗೋ ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಬೆಳಕೂ ಊಟವೂ ಒಂದೇ ಗಳಿಗೆಗೆ ಬಂದು ನಿಲ್ಲುತ್ತವೆ. ಮೊದಮೊದಲು ಬುತ್ತಿ ಬಿಚ್ಚುವ ಹೊತ್ತಿಗೆ ಅರ್ಧ ಜನ ಗದ್ದೆಯ ಬದುವಿನ ಮೇಲೆ ಕಾಣದಾಗುತ್ತಿದ್ದರು, ಕತ್ತಲಾದ ಮೇಲೆ ಹಸಿದುಕೊಂಡು ಮರಳುತ್ತಿದ್ದರು. ಈಗ ನಾಲ್ಕೂವರೆಗೆ ಬುತ್ತಿ, ಐದು ಗಂಟೆಗೆ ಕ್ಯಾಮರಾ. ಸಣ್ಣ ವಿಷಯವೇ, ಆದರೆ ಮನೆಯ ಹಿರಿಯರು ಮಕ್ಕಳನ್ನು ಧೈರ್ಯವಾಗಿ ಕಳಿಸತೊಡಗಿದ್ದು ಈ ನಿಯಮ ಬಂದ ಮೇಲೆ.

ಇನ್ನು ಸೇರುವ ವಿಧಾನ. ಇದೊಂದನ್ನು ಯಾವ ಸಂಘ ಕೇಳಿದರೂ ನಾನು ಬಿಡದೆ ಹೇಳುತ್ತೇನೆ. ಸದಸ್ಯನಾಗಬಯಸುವವನು ತಾನು ತೆಗೆದ ಚಿತ್ರ ತರಬೇಕಾಗಿಲ್ಲ. ತನ್ನ ಮನೆಯ ಒಂದು ಹಳೆಯ ಫೋಟೋ ತರಬೇಕು, ಅದರಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ ಹೇಳಬೇಕು. "ಅಜ್ಜ", "ದೊಡ್ಡಮ್ಮ", "ಬೆಂಗಳೂರು ಮಾವ" ಎಂದರೆ ನಡೆಯುವುದಿಲ್ಲ. ನಿನಗೆ ಅಜ್ಜನಾದವರು ನಿನ್ನ ಮೊಮ್ಮಗನಿಗೆ ಯಾರೋ ಒಬ್ಬ ಪೇಟದ ಮನುಷ್ಯ. ಹೆಸರು, ಮನೆತನದ ಹೆಸರು, ಯಾರ ಮಗ ಅಥವಾ ಮಗಳು, ಫೋಟೋ ತೆಗೆದ ಊರು, ವರ್ಷ ಗೊತ್ತಿದ್ದರೆ ವರ್ಷ, ಇಲ್ಲದಿದ್ದರೆ "ದೊಡ್ಡಣ್ಣನ ಮದುವೆಗೆ ಮುಂಚೆ" ಎಂಬಷ್ಟಾದರೂ ಬೇಕು. ಇದನ್ನು ಮಕ್ಕಳು ತಾವಾಗಿ ಬರೆಯಲಾರರು. ಹಿರಿಯರ ಕಾಲ ಬಳಿ ಕೂತು ಕೇಳಲೇಬೇಕು. ಕೇಳಲಿ ಎಂದೇ ಈ ನಿಯಮ.

ಇದು ಹುಟ್ಟಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಒಂದು ಮನೆಯನ್ನು ಕೆಡವಿ ಹೊಸದು ಕಟ್ಟುವಾಗ ಅಟ್ಟದ ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ಫೋಟೋಗಳು ಸಿಕ್ಕಿದವು. ಚೆನ್ನಾಗಿ ತೆಗೆದವು, ದಪ್ಪ ರಟ್ಟಿಗೆ ಅಂಟಿಸಿದವು. ಮನೆಯವರು ಹರಡಿಕೊಂಡು ಕೂತರು. ಯಾರಿಗೂ ಯಾರೂ ಗೊತ್ತಿಲ್ಲ. ಗೊತ್ತಿದ್ದ ಹಿರಿಯರು ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಅಷ್ಟು ವರ್ಷ ಪೆಟ್ಟಿಗೆಯೂ ಇತ್ತು, ಹಿರಿಯರೂ ಇದ್ದರು, ಎರಡನ್ನೂ ಒಂದು ಕಡೆ ತಂದು ಕೂರಿಸುವವರು ಇರಲಿಲ್ಲ. ಆ ಫೋಟೋಗಳನ್ನು ಏನು ಮಾಡುವುದೆಂದು ತಿಳಿಯದೆ ಅವರು ಮತ್ತೆ ಪೆಟ್ಟಿಗೆಗೇ ಹಾಕಿದರು.

ಇದಕ್ಕೆ ಪ್ರತಿಯಾಗಿ ಇನ್ನೊಂದು. ಕಾಲೇಜಿನ ಹುಡುಗನೊಬ್ಬ ಸೇರಲೆಂದು ತನ್ನ ಅಜ್ಜಿಯ ಮದುವೆಯ ಫೋಟೋ ತಂದ. ಮನೆಯ ಅಂಗಳದಲ್ಲಿ ಹದಿನೇಳು ಜನ. ತೊಂಬತ್ತು ದಾಟಿದ ಆ ಅಜ್ಜಿಯ ಮುಂದೆ ಫೋಟೋವನ್ನು ದೊಡ್ಡದು ಮಾಡಿಸಿ ಇಟ್ಟೆವು. ಅವರು ಬೆರಳಿಟ್ಟು ಒಬ್ಬೊಬ್ಬರನ್ನೇ ಹೇಳತೊಡಗಿದರು. ಹೆಸರಿನ ಜೊತೆ ಬೇರೆ ಸುದ್ದಿಯೂ ಬಂತು: ಇವನು ಫೋಟೋ ತೆಗೆದ ಮರುವರ್ಷವೇ ಜ್ವರದಲ್ಲಿ ಹೋದ, ಇವಳ ಸರ ಅವಳದಲ್ಲ, ಅಕ್ಕನಿಂದ ಒಂದು ದಿನಕ್ಕೆಂದು ಕೇಳಿ ಹಾಕಿಕೊಂಡದ್ದು. ಬಲತುದಿಯಲ್ಲಿ, ಅರ್ಧ ಕಂಬದ ಮರೆಯಲ್ಲಿ, ಮಗುವೊಂದನ್ನು ಎತ್ತಿಕೊಂಡ ಪಣಿಯ ಹೆಂಗಸು. ಹುಡುಗ ಅವಳನ್ನು ಬಿಟ್ಟು ಮುಂದಿನವರ ಮೇಲೆ ಬೆರಳಿಟ್ಟ. ಅಜ್ಜಿ ಅವನ ಕೈ ಹಿಡಿದು ಹಿಂದಕ್ಕೆ ತಂದರು. "ಇವಳನ್ನು ಯಾಕೆ ಬಿಟ್ಟೆ? ನಿನ್ನ ದೊಡ್ಡಪ್ಪನನ್ನು ಸಾಕಿದ್ದು ಯಾರು ಅಂತ ಮಾಡಿದ್ದೀಯ?" ಎಂದು ಅವಳ ಹೆಸರು, ಅವಳ ಹಾಡಿಯ ಹೆಸರು ಎರಡನ್ನೂ ಹೇಳಿದರು. ಹದಿನೇಳರಲ್ಲಿ ಹದಿನಾಲ್ಕು ಹೆಸರು ದಕ್ಕಿದವು, ಅವಳದೂ ಸೇರಿ. "ಪ್ರತಿಯೊಬ್ಬರ" ಎಂಬ ಪದ ನಮ್ಮ ನಿಯಮದಲ್ಲಿ ಬಂದಿರುವುದು ಅಲ್ಲಿಂದ. ಹಳೆಯ ಫೋಟೋಗಳ ಅಂಚಿನಲ್ಲಿ ನಿಂತ ಕೆಲಸದವರು, ಗಾಡಿ ಹೊಡೆಯುವವರು, ಅಡಿಗೆಯವರು, ಇವರೆಲ್ಲ ಮೊದಲು ಮರೆತುಹೋಗುತ್ತಾರೆ.

ಬರೆಯುವುದು ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬಂದಾಗ ಸಭೆ ಸ್ವಲ್ಪ ಬಿಸಿಯೇರಿತು. ನಮ್ಮ ಮಕ್ಕಳು ಓದುವುದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ಬಾರದು. "ಯಾವ ಲಿಪಿಯಾದರೇನು, ಹೆಸರು ಉಳಿದರೆ ಸಾಲದೆ?" ಎಂದು ಒಬ್ಬ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆಯೇ. ನಮ್ಮ ಹಿರಿಯರೊಬ್ಬರು ಜಗಳಕ್ಕೆ ಹೋಗದೆ ಒಂದು ಹಳೆಯ ಫೋಟೋವನ್ನು ಹಿಂದುಮುಂದು ಮಾಡಿ ಅವನ ಕೈಗಿತ್ತರು. ಹಿಂದೆ ಶಾಯಿಯಲ್ಲಿ ಚಂದದ ಕನ್ನಡದಲ್ಲಿ ಎಲ್ಲ ಹೆಸರುಗಳೂ ಇದ್ದವು. ಹುಡುಗನಿಗೆ ಓದಲಾಗಲಿಲ್ಲ. ಬರೆದಿಟ್ಟವರು ತಮ್ಮ ಕೆಲಸ ಮಾಡಿ ಹೋಗಿದ್ದಾರೆ, ಓದುವವರು ಇಲ್ಲದಿದ್ದರೆ ಅದೂ ಹೆಸರಿಲ್ಲದ ಫೋಟೋವೇ ತಾನೆ. ಕೊನೆಗೆ ಮೊದಲು ಕನ್ನಡದಲ್ಲಿ, ಕೆಳಗೆ ಮಲಯಾಳದಲ್ಲಿ ಎಂದು ತೀರ್ಮಾನವಾಯಿತು. ಸಂಘಕ್ಕೆ ಸೇರಿದ ಮೇಲೆ ಆರೇಳು ಮಕ್ಕಳು ಕನ್ನಡ ಅಕ್ಷರ ಕಲಿತಿದ್ದಾರೆ. ಕಾಗುಣಿತ ಪುಸ್ತಕದಿಂದಲ್ಲ, ತಮ್ಮ ಮುತ್ತಜ್ಜಿಯರ ಹೆಸರುಗಳಿಂದ. ಒತ್ತಕ್ಷರ ತಪ್ಪುತ್ತಾರೆ, ತಪ್ಪಲಿ.

ಬರೆಯುವ ರೀತಿಗೂ ಒಂದೆರಡು ಮಾತು, ಇದು ಪ್ರತಿ ಮನೆಗೂ ಉಪಯೋಗವಾಗುವಂಥದು. ಹಳೆಯ ಫೋಟೋದ ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ. ಒತ್ತಿದ ಗೆರೆ ಮುಂದೆ ಮುಖದ ಮೇಲೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಸೆಲ್ಲೋಟೇಪು, ಗೋಂದು ಹತ್ತಿರ ತರಬೇಡಿ. ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೋ ಅಂಟಿಸುವ ಆಲ್ಬಂಗಳು ಒಂದು ಕಾಲಕ್ಕೆ ಮನೆಮನೆಗೆ ಬಂದವು. ಅದರ ಅಂಟು ಹಳದಿಯಾಗಿ ಫೋಟೋವನ್ನು ತಿನ್ನುತ್ತದೆ. ಕೀಳಲು ಬಂದರೆ ಕಿತ್ತು ಕಾಗದದ ಲಕೋಟೆಗೆ ಹಾಕಿಡಿ, ಬಾರದಿದ್ದರೆ ಎಳೆಯಬೇಡಿ, ಇದ್ದಲ್ಲಿಯೇ ಮೊಬೈಲಿನಿಂದ ಚಿತ್ರ ತೆಗೆದುಕೊಳ್ಳಿ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲಾಶ್ ಇಲ್ಲದೆ, ಮೊಬೈಲನ್ನು ಫೋಟೋಗೆ ಸಮಾನಾಂತರವಾಗಿ ಹಿಡಿದರೆ ಸಾಕಷ್ಟು ಚೆನ್ನಾಗಿ ಬರುತ್ತದೆ. ನಮ್ಮ ವಯನಾಡಿನ ಮಳೆಗಾಲದಲ್ಲಿ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ, ಲೆನ್ಸಿಗೂ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದೇ ದಾರಿ.

ಈ ಕೆಲಸಕ್ಕೆ ದಿನ ಯಾವುದೆಂದು ಹುಡುಕಬೇಕಾಗಿ ಬರಲಿಲ್ಲ. ಷಟ್‌ಖಂಡಾಗಮ ಪೂರ್ಣವಾದ ನೆನಪಿಗೆ ನಾವು ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತೇವಲ್ಲ, ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಪೂಜಿಸುವ ಪದ್ಧತಿ. ಅದು ಬರುವುದೂ ಮಳೆಗಾಲದ ಬಾಗಿಲಿನಲ್ಲಿ. ಅಂದು ಪೂಜೆ ಮುಗಿದ ಮೇಲೆ ಮನೆಯ ಆಲ್ಬಂಗಳನ್ನೂ ಹೊರಗೆ ತೆಗೆದು ನೋಡುವುದು ನಮ್ಮ ಸಂಘದ ಕಟ್ಟಳೆ. ಶಾಸ್ತ್ರಕ್ಕೂ ಫೋಟೋಗೂ ಎತ್ತಣಿಂದೆತ್ತ ಎಂದು ಆಕ್ಷೇಪಿಸಿದವರಿದ್ದಾರೆ. ಸರಿಸಮವೆಂದು ನಾವೂ ಹೇಳಿಲ್ಲ. ಆದರೆ ಆ ಮಹಾಗ್ರಂಥದ ಧವಳಾ ಟೀಕೆಯ ಓಲೆಗರಿಗಳು ಮೂಡಬಿದಿರೆಯ ಬಸದಿಯಲ್ಲಿ ಯಾರೋ ಜೋಪಾನ ಮಾಡಿದ್ದರಿಂದ ಉಳಿದವು. ಜೋಪಾನ ಮಾಡುವ ಕೈಗೆ ಅಭ್ಯಾಸ ಬೇಕು.

ಅಹಿಂಸೆಯ ವಿಷಯಕ್ಕೆ ಬರುತ್ತೇನೆ. ಕಾಡಿನ ಪಕ್ಕದ ಊರಿನವರು ನಾವು, ಮಕ್ಕಳಿಗೆ ಹಕ್ಕಿ, ಕೀಟಗಳ ಹುಚ್ಚು. ಒಳ್ಳೆಯ ಹುಚ್ಚೇ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿದ ಯಾರಿಗೆ ಆ ಆಸೆ ಬರುವುದಿಲ್ಲ? ಆದರೆ ಈ ಹವ್ಯಾಸದಲ್ಲಿ ಹೊರಗಿನವರಿಗೆ ಕಾಣದ ಕ್ರೌರ್ಯಗಳಿವೆ. ಕೀಟ ಅಲುಗಾಡಬಾರದೆಂದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಎಲೆಯ ಮೇಲೆ ಕೂರಿಸಿ ಚಿತ್ರ ತೆಗೆಯುವವರಿದ್ದಾರೆ. ಗೂಡು ಕಾಣಲೆಂದು ಸುತ್ತಲಿನ ಕೊಂಬೆ ಕತ್ತರಿಸುತ್ತಾರೆ. ಮರೆ ಹೋದ ಗೂಡನ್ನು ಕಾಗೆ, ಹಾವು ಬೇಗ ಪತ್ತೆಮಾಡುತ್ತವೆ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುತ್ತಾರೆ. ಮರಿಗಳಿಗೆ ಉಣಿಸಬೇಕಾದ ಹಕ್ಕಿ ಇಲ್ಲದ ವೈರಿಯನ್ನು ಹುಡುಕಿಕೊಂಡು ಅಲೆಯುತ್ತದೆ. ಹದ್ದಿಗೆಂದು ಕಟ್ಟಿದ ಇಲಿಯ ಕಥೆಯನ್ನು ಬರೆಯುವುದೂ ಬೇಡ. ನಮ್ಮಲ್ಲಿ ನಿಯಮ ಒಂದೇ ಸಾಲು: ಜೀವ ತಾನಾಗಿ ಇದ್ದಂತೆ, ಇದ್ದಲ್ಲಿ. ಅದು ಕತ್ತು ಎತ್ತಿ ನಿಮ್ಮನ್ನು ನೋಡಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರ ಹೋಗಿದ್ದೀರಿ. ಗೂಡಿನ ಚಿತ್ರ ಸಭೆಗೆ ತರುವಂತಿಲ್ಲ, ಎಷ್ಟೇ ಚೆನ್ನಾಗಿದ್ದರೂ. ಮುತ್ತಂಗದ ಕಡೆ ಅಭಯಾರಣ್ಯದ ಒಳಗೆ ಕ್ಯಾಮರಾ ಹಿಡಿದು ಹೋಗುವುದಕ್ಕೆ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅರಣ್ಯ ಇಲಾಖೆಯ ಪರವಾನಗಿ ಬೇಕೆಂಬುದನ್ನೂ ಹುಡುಗರಿಗೆ ಮೊದಲ ದಿನವೇ ಹೇಳುತ್ತೇವೆ.

ಒಮ್ಮೆ ಹಿರಿಯರೊಬ್ಬರು ಎಲ್ಲರೂ ಬೆಚ್ಚುವ ಪ್ರಶ್ನೆ ಕೇಳಿದರು: "ಫಿಲ್ಮನ್ನು ಯಾವುದರಿಂದ ಮಾಡುತ್ತಾರೆ, ಗೊತ್ತೇ?" ಫಿಲ್ಮಿನ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಡುವುದು ಜೆಲಾಟಿನ್, ಅಂದರೆ ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆದ ಸರಿ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಅದನ್ನು ಫೋಟೋ ಗಾಜಿಗೆ ಬಳಸಿ ತೋರಿಸಿದ ಮೇಲೆ ಜಗತ್ತೆಲ್ಲ ಅದೇ ನಡೆಯಿತು. ಕೆಲವು ಜೆಲಾಟಿನಿನ ಫಿಲ್ಮು ಬೆಳಕಿಗೆ ಚುರುಕಾಗಿಯೂ ಕೆಲವು ಮಂದವಾಗಿಯೂ ಇರುವುದೇಕೆಂದು ಹುಡುಕಿದ ಕೊಡಕ್ ಕಂಪನಿಯ ವಿಜ್ಞಾನಿ ಶೆಪರ್ಡ್, 1920ರ ದಶಕದಲ್ಲಿ, ದನಗಳು ಮೇದ ಸಾಸಿವೆ ಜಾತಿಯ ಗಿಡಗಳ ಗಂಧಕದ ಅಂಶವೇ ಕಾರಣವೆಂದು ಕಂಡುಕೊಂಡರು. ದನ ಏನು ಮೇಯಿತೆಂಬುದು ಕೂಡ ಫೋಟೋದಲ್ಲಿ ಇಳಿದಿದೆ ಎಂದಾಯಿತು. ನಮ್ಮ ಅಜ್ಜಂದಿರ ಫೋಟೋಗಳೆಲ್ಲ ಹೀಗೆ ಬಂದವು, ಅವರಿಗೆ ಇದು ತಿಳಿದಿರಲಿಲ್ಲ. ಡಿಜಿಟಲ್ ಕ್ಯಾಮರಾ ಬಂದದ್ದರಿಂದ ಆ ಭಾರ ಅರ್ಧ ಇಳಿದಿದೆ. ಪೂರ್ತಿ ಅಲ್ಲ, ಏಕೆಂದರೆ ಕಲರ್ ಲ್ಯಾಬಿನಲ್ಲಿ ತೊಳೆದು ತೆಗೆಯುವ ಫೋಟೋ ಕಾಗದದಲ್ಲಿ ಇಂದಿಗೂ ಜೆಲಾಟಿನ್ ಇದೆ. ಪ್ರದರ್ಶನಕ್ಕೆ ನಾವು ಶಾಯಿಯ ಪ್ರಿಂಟರಿನಲ್ಲಿ ಅಚ್ಚು ಹಾಕಿಸುತ್ತೇವೆ, ಕಾಗದದ ಲೇಪ ಯಾವುದೆಂದು ಅಂಗಡಿಯವರನ್ನು ಕೇಳುತ್ತೇವೆ. ಈಚೆಗೆ ಪಟ್ಟಣದ ಯುವಕರಲ್ಲಿ ಮತ್ತೆ ಫಿಲ್ಮು ಹಾಕಿ ತೆಗೆಯುವ ಶೋಕಿ ಬಂದಿದೆ. ನಮ್ಮ ಸಂಘ ಅದನ್ನು ಪ್ರೋತ್ಸಾಹಿಸುವುದಿಲ್ಲ. ಹಳೆಯ ಫೋಟೋಗಳನ್ನು ಮಾತ್ರ ಯಾರೂ ದೋಷವೆಂದು ದೂರ ಇಡಬಾರದು, ಅದು ನನ್ನ ಅಭಿಪ್ರಾಯ.

ಬಸದಿಗಳಲ್ಲಿ ಆಯಾ ಬಸದಿಯ ಮೊಕ್ತೇಸರರ ಅಪ್ಪಣೆಯಿಲ್ಲದೆ ಗರ್ಭಗೃಹದ ಕಡೆ ಕ್ಯಾಮರಾ ತಿರುಗಿಸುವಂತಿಲ್ಲ, ಅಭಿಷೇಕದ ಹೊತ್ತಿಗೆ ಫ್ಲಾಶ್ ಎಂದಿಗೂ ಇಲ್ಲ. ಕಲ್ಪೆಟ್ಟದ ಹತ್ತಿರದ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿಯಲ್ಲಿ ಪೂಜೆ ನಡೆಯುತ್ತದೆ, ಅಲ್ಲಿ ನಾವು ಮೊದಲು ಶ್ರಾವಕರು, ಆಮೇಲೆ ಫೋಟೋದವರು. ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ, ನಮ್ಮ ಹಿಂದಿನವರು ಹನ್ನೆರಡು ಬೀದಿ ಎನ್ನುತ್ತಿದ್ದ ಊರಿನದು, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡಿನ ಕೋಠಿಯಾಗಿ ಊರಿಗೆ ಬ್ಯಾಟರಿ ಎಂಬ ಹೆಸರು ತಂದದ್ದೂ ಅದೇ. ಅಲ್ಲಿ ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ತೊಡಕಿಲ್ಲ, ಸ್ಟ್ಯಾಂಡ್ ಊರುವುದಾದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಹುಡುಗರಿಗೆ ಅಲ್ಲಿ ಬರಿಯ ಕಂಬಗಳ ನೆರಳನ್ನಷ್ಟೇ ತೆಗೆಯದೆ, ಕಲ್ಲಿನಲ್ಲಿ ಕೊರೆದ ಒಂದೊಂದು ಆಕೃತಿಯನ್ನೂ ಅಳತೆಯ ಪಟ್ಟಿಯಿಟ್ಟು ತೆಗೆಯಿರಿ ಎಂದು ಹೇಳುತ್ತೇವೆ. ಮಳೆ ಕಲ್ಲನ್ನು ಪ್ರತಿ ವರ್ಷ ಒಂದಿಷ್ಟು ತಿನ್ನುತ್ತದೆ.

ಮುನಿಗಳ ಚಿತ್ರದ ಬಗ್ಗೆ ನಮ್ಮ ನಿಯಮ ಕಟ್ಟುನಿಟ್ಟು. ದಿಗಂಬರತ್ವ ಮುಚ್ಚಿಡಬೇಕಾದ ವಿಷಯವಲ್ಲ, ಅದು ಸರ್ವಸಂಗ ಪರಿತ್ಯಾಗದ ಗುರುತು. ಆದರೆ ವಿಹಾರದ ದಾರಿಯಲ್ಲಿ ಯಾರೋ ತೆಗೆದ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ, ಅರಿಯದವರ ನಗೆಗೆ ಗುರಿಯಾಗುವುದನ್ನು ಎಷ್ಟು ಸಲ ಕಂಡಿಲ್ಲ! ಆಹಾರ ಚರ್ಯೆಯ ಸಮಯದಲ್ಲಿ ಕ್ಯಾಮರಾ ಕೆಳಗೆ. ಆರ್ಯಿಕೆಯರ ಚಿತ್ರ ಅವರ ಸಂಘದವರನ್ನು ಕೇಳದೆ ಇಲ್ಲ. ಪ್ರವಚನದ ಚಿತ್ರ ತೆಗೆಯಬಹುದು, ಹಂಚುವಾಗ ಯಾರು, ಎಲ್ಲಿ, ಯಾವ ಚಾತುರ್ಮಾಸ ಎಂಬ ವಿವರ ಚಿತ್ರದ ಮೇಲೇ ಇರಬೇಕು.

ಎಲ್ಲಕ್ಕಿಂತ ಕಷ್ಟವಾದ ಸಭೆ ಸಲ್ಲೇಖನದ ವಿಚಾರವಾಗಿ ನಡೆದದ್ದು. ಹಿರಿಯರೊಬ್ಬರು ಗುರುಗಳ ಅನುಮತಿಯಿಂದ ವ್ರತ ಸ್ವೀಕರಿಸಿದ್ದರು. ದೂರದ ಮಕ್ಕಳು, ಮೊಮ್ಮಕ್ಕಳು ಪ್ರತಿದಿನ ಒಂದು ಚಿತ್ರವಾದರೂ ಕಳಿಸಿ ಎಂದು ಕೇಳಿದರು. ಅವರ ಸಂಕಟ ಸುಳ್ಳಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪು ಕೊಟ್ಟದ್ದು, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ನೀಡಿದ್ದು ಎಲ್ಲರ ನೆನಪಿನಲ್ಲಿತ್ತು. ಆದ್ದರಿಂದ ಕೆಲವರು, ಇದು ಎಂಥ ಶಾಂತವಾದ ಸಂಗತಿಯೆಂದು ಲೋಕಕ್ಕೆ ತಿಳಿಯಲಿ, ತೆಗೆಯೋಣ ಎಂದರು. ಇನ್ನು ಕೆಲವರು, ಆ ಕೋಣೆ ಲೋಕಕ್ಕೆ ಸಾಕ್ಷಿ ಒದಗಿಸುವ ಜಾಗವಲ್ಲ ಎಂದರು. ಎರಡೂ ಕಡೆಯಲ್ಲಿ ಅನುಭವಸ್ಥರಿದ್ದರು. ಕೊನೆಗೆ ಒಬ್ಬರು, "ನಾವು ಇಷ್ಟು ಮಾತಾಡುತ್ತಿದ್ದೇವೆ, ಅವರನ್ನು ಕೇಳಿದೆವೇ?" ಎಂದರು. ಹೋಗಿ ಕೇಳಿದೆವು. ಅವರಿಗೆ ಆಗ ಮಾತು ಸ್ಪಷ್ಟವಾಗಿತ್ತು. "ಊಟ ಬಿಟ್ಟೆ, ಮನೆ ಬಿಟ್ಟೆ, ನಿಮ್ಮನ್ನೆಲ್ಲ ಬಿಡುತ್ತಿದ್ದೇನೆ. ಈ ಮುಖವೊಂದನ್ನು ಯಾಕೆ ಇಟ್ಟುಕೊಳ್ಳಲಿ ಮಗು?" ಎಂದು ನಕ್ಕರು. ಕ್ಯಾಮರಾ ಚೀಲದೊಳಗೇ ಉಳಿಯಿತು. ದೂರದ ಮಕ್ಕಳಿಗೆ ಅವರ ಈ ಮಾತನ್ನೇ ಬರೆದು ಕಳಿಸಿದೆವು. ಈಗಿನ ನಿಯಮ ಹೀಗಿದೆ: ವ್ರತಿಗಳು ತಾವಾಗಿ, ಪೂರ್ಣ ಎಚ್ಚರದಲ್ಲಿದ್ದಾಗ ಬಯಸಿದರೆ ಮಾತ್ರ, ಅದೂ ಮನೆಯವರ ಕೈಗೆ ಒಂದೇ ಪ್ರತಿ. ಬೇರೆಯವರ ಬಯಕೆ ಎಷ್ಟು ದೊಡ್ಡದಾದರೂ ಲೆಕ್ಕಕ್ಕಿಲ್ಲ.

2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದು ನೂರಾರು ಜನ ಹೋದಾಗ ಈ ನಿಯಮವೇ ದಾರಿ ತೋರಿತು. ನೋಡುವುದಕ್ಕೆಂದು ಯಾರೂ ಬರಬೇಡಿ ಎಂದು ಕೇರಳದ ಪೊಲೀಸರು ಕೇಳಿಕೊಳ್ಳಬೇಕಾದ ಪರಿಸ್ಥಿತಿ ಇತ್ತು. ನಮ್ಮ ಹುಡುಗರು ಹೋದರು, ಬಟ್ಟೆ ಅಕ್ಕಿ ಹೊತ್ತುಕೊಂಡು, ಕ್ಯಾಮರಾ ಮನೆಯಲ್ಲಿಟ್ಟು. ಆಮೇಲೆ ಬಂದ ಕೆಲಸ ಬೇರೆ. ಎಲ್ಲವನ್ನೂ ಕಳೆದುಕೊಂಡ ಮನೆಗಳವರಿಗೆ ಹೋದವರ ಒಂದು ಚಿತ್ರವೂ ಉಳಿದಿರಲಿಲ್ಲ. ನಮ್ಮ ಸದಸ್ಯರಲ್ಲಿ ಸ್ಟುಡಿಯೋ ನಡೆಸುವವರೊಬ್ಬರು ಆ ಕಡೆಯ ಮದುವೆಗಳ ಹಳೆಯ ಸಿ.ಡಿ.ಗಳನ್ನು ಇಟ್ಟುಕೊಂಡಿದ್ದರು. ಪಂಕ್ತಿಯಲ್ಲಿ ಊಟಕ್ಕೆ ಕೂತವರು, ಮಂಟಪದ ಹಿಂದೆ ನಿಂತವರು, ಹೀಗೆ ಮುಖಗಳನ್ನು ಹುಡುಕಿ ಹುಡುಕಿ ಕೆಲವರಿಗೆ ಅಚ್ಚು ಹಾಕಿ ಕೊಟ್ಟರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಇದೇ ಸ್ಟುಡಿಯೋದವರ ಸಲುವಾಗಿ ಇನ್ನೊಂದು ಕಲಮಿದೆ: ಸಂಘದ ಸದಸ್ಯರು ಸಮಾಜದ ಮದುವೆ, ಉಪನಯನಗಳಲ್ಲಿ ಬಿಟ್ಟಿ ಫೋಟೋ ತೆಗೆಯಬಾರದು. "ನಮ್ಮ ಹುಡುಗನೇ ಇದ್ದಾನಲ್ಲ, ದುಡ್ಡು ಯಾಕೆ ದಂಡ" ಎನ್ನುವ ಮಾವಂದಿರು ಎಲ್ಲ ಊರಿನಲ್ಲೂ ಇದ್ದಾರೆ. ಊರಿನ ಎರಡು ಸ್ಟುಡಿಯೋಗಳ ಅನ್ನ ಅದರಲ್ಲಿದೆ. ಚಿತ್ರದ ಹಕ್ಕಿನ ಬಗ್ಗೆಯೂ ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಮಾನ್ಯವಾಗಿ ಚಿತ್ರ ತೆಗೆದವನದೇ ಹಕ್ಕು, ಹಣ ಕೊಟ್ಟು ತೆಗೆಸಿದ್ದಾದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ತೆಗೆಸಿದವನದು. ಸಂಘಕ್ಕೆ ಯಾವ ಹಕ್ಕೂ ಇಲ್ಲ. ಪತ್ರಿಕೆಗೆ ಕಳಿಸುವಾಗ ತೆಗೆದವರ ಹೆಸರು ಹಾಕಬೇಕು, ಹತ್ತು ವರ್ಷದ ಮಗುವಾದರೂ.

ತಿಂಗಳ ಸಭೆಯಲ್ಲಿ ಅಂಕ ಕೊಡುವುದನ್ನು ಕೈಬಿಟ್ಟಿದ್ದೇವೆ. ಗೋಡೆಗೆ ಚಿತ್ರ ಹಾಕಿದ ಮೇಲೆ ತೆಗೆದವರು ಮೊದಲು ಸುಮ್ಮನಿರಬೇಕು, ನೋಡಿದವರು ತಮಗೆ ಕಂಡದ್ದನ್ನು ಹೇಳಬೇಕು. "ಚೆನ್ನಾಗಿದೆ" ಎಂಬ ಮಾತಿಗೆ ಅವಕಾಶವಿಲ್ಲ, ಏನು ಚೆನ್ನಾಗಿದೆ ಎಂದು ಹೇಳಬೇಕು. ಹೆಣ್ಣುಮಕ್ಕಳ ಚಿತ್ರದ ವಿಷಯದಲ್ಲಿ, ಅವರೋ ಅವರ ಮನೆಯವರೋ ತೆಗೆದುಹಾಕಿ ಎಂದರೆ ಅದೇ ಗಳಿಗೆ ತೆಗೆಯಬೇಕು, ಕಾರಣ ಕೇಳಬಾರದು.

ಈಗ ಚರ್ಚೆಯಲ್ಲಿರುವುದು ಹೊಸ ವಿಷಯ. ಕಪ್ಪುಬಿಳುಪಿನ ಹಳೆಯ ಫೋಟೋಗೆ ಮೊಬೈಲೇ ಬಣ್ಣ ತುಂಬಿ, ಮಸುಕಾದ ಮುಖವನ್ನು ಸ್ಪಷ್ಟ ಮಾಡಿಕೊಡುತ್ತದೆ. ಮಕ್ಕಳಿಗೆ ಸಂಭ್ರಮ. ಆದರೆ ಆ ಯಂತ್ರ ಇಲ್ಲದ ಕಣ್ಣನ್ನು ಕಲ್ಪಿಸಿ ಹಾಕುತ್ತದೆ, ಅಜ್ಜಿಯ ಸೀರೆಗೆ ತನಗೆ ತೋಚಿದ ಬಣ್ಣ ಬಳಿಯುತ್ತದೆ. ಮೇಲೆ ಹೇಳಿದ ಮದುವೆ ಫೋಟೋವನ್ನು ಹುಡುಗ ಹಾಗೆ ಮಾಡಿ ಅಜ್ಜಿಗೆ ತೋರಿಸಿದಾಗ, "ನನ್ನದು ಹಸಿರು ಸೀರೆ ಕಣೋ, ಇದ್ಯಾವ ನೀಲಿ? ಈ ಮೂಗೂ ನಮ್ಮಪ್ಪನದಲ್ಲ" ಎಂದುಬಿಟ್ಟರು. ಮನೆಯ ಗೋಡೆಗೆ ಹಾಕಿಕೊಳ್ಳಲಿ, ಸಂಘದ ಸಂಗ್ರಹಕ್ಕೆ ಮೂಲ ಚಿತ್ರವೇ ಬರಲಿ ಎಂಬುದು ನನ್ನ ವಾದ. ಬಣ್ಣ ತುಂಬಿದ್ದೆಂದು ಕೆಳಗೆ ಬರೆದರೆ ಸಾಕು ಎಂಬುದು ಹುಡುಗರ ವಾದ. ಮುಂದಿನ ತಿಂಗಳ ಎರಡನೆಯ ಭಾನುವಾರ ಮತಕ್ಕೆ ಹಾಕುತ್ತೇವೆ. ನಿಯಮಾವಳಿಯ ಪ್ರತಿ ಬೇಕೆಂದವರು ಅಲ್ಲಿಯವರೆಗೆ ತಡೆಯಿರಿ, ತೀರ್ಮಾನವಾದದ್ದನ್ನೂ ಸೇರಿಸಿಯೇ ಕಳಿಸುತ್ತೇನೆ.